ಚಂದ್ರಂಕಿಯಲ್ಲಿ ಬಯಾಲಜಿ

ನಮ್ಮ ನಡುಮನೆಯಲ್ಲಿ, ಬೇರೆಯವರ ಮನೆಯಲ್ಲಿ ಟಿವಿ ಇರುವ ಜಾಗದಲ್ಲಿ, ಒಂದು ಹಳೆಯ ಚಂದ್ರಂಕಿ ಗೋಡೆಗೆ ಒರಗಿ ನಿಂತಿದೆ. ರೇಷ್ಮೆ ಸಾಕದ ಸೀಮೆಯವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಚಂದ್ರಂಕಿ ಎಂದರೆ ಬಾಗಿಲಿನಷ್ಟು ದೊಡ್ಡ ಬಿದಿರ ತಟ್ಟಿ. ಅದರ ಮೇಲೆ ಬೆರಳಗಲದ ಬಿದಿರ ಪಟ್ಟಿಯನ್ನು ನಡುವಿನಿಂದ ಹೊರಕ್ಕೆ ಸುತ್ತುಸುತ್ತಾಗಿ, ಜಿಲೇಬಿ ಬಿಟ್ಟ ಹಾಗೆ ಹೆಣೆದಿರುತ್ತಾರೆ. ಸೊಪ್ಪು ತಿಂದು ಹಣ್ಣಾದ ಹುಳುಗಳನ್ನು ಆ ಸುತ್ತುಗಳ ಸಂದಿಗೆ ಬಿಟ್ಟರೆ ಒಂದೊಂದು ಒಂದೊಂದು ಜಾಗ ಹಿಡಿದು ಗೂಡು ಕಟ್ಟಿಕೊಳ್ಳುತ್ತದೆ. ಈಚೆಗೆ ಪ್ಲಾಸ್ಟಿಕ್ ಬಲೆಗಳು ಬಂದ ಮೇಲೆ ಬಿದಿರಿನವು ಒಂದೊಂದಾಗಿ ಒಲೆಗೆ ಹೋದವು, ಒಂದೆರಡು ಕೋಳಿಗೂಡಿನ ಬಾಗಿಲಾದವು. ಇದೊಂದು ಮಾತ್ರ ಉಳಿದು, ಹುಳುಮನೆಯಿಂದ ನಡುಮನೆಗೆ ಬಡ್ತಿ ಪಡೆದು ಬಂದು ನಿಂತಿತು. ಅದಕ್ಕೆ ಬಡ್ತಿ ಕೊಟ್ಟವಳು ನನ್ನ ಮಗಳು ಪವಿತ್ರ.

ಪವಿತ್ರ ಆಗ ಎರಡನೇ ಪಿಯುಸಿ. ದಿನಾ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗಿ ವಿಜ್ಞಾನ ಓದುತ್ತಿದ್ದಳು. ಬಯಾಲಜಿಯ ಚಿತ್ರಗಳನ್ನು ಒಂದೊಂದು ಹಾಳೆಯಲ್ಲಿ ಬರೆದು, ಆ ಹಾಳೆಯನ್ನು ಬಿದಿರಿನ ಸುತ್ತಿನ ಸಂದಿಗೆ ಸಿಕ್ಕಿಸಿಬಿಡುವಳು. ಹೂವಿನ ಅಂಡಾಶಯ ಒಂದು ಕಡೆ, ಮನುಷ್ಯನ ಕಿಡ್ನಿಯಂತೆ ಕಾಣುವ ಇನ್ನೇನೋ ಒಂದು ಕಡೆ, ಹಗ್ಗದ ಏಣಿಯನ್ನು ಹಿಂಡಿದ ಹಾಗಿರುವ ಡಿಎನ್‌ಎ ನಟ್ಟನಡುವೆ. ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ಅದರ ಮುಂದೆ ನಿಂತು ಬಾಯಿಪಾಠ ಮಾಡುವಳು. ಚಿತ್ರದಲ್ಲಿ ಒಂದು ಹೆಸರು ಮರೆತರೆ ಬಾಚಣಿಗೆ ಅಲ್ಲೇ ನಿಲ್ಲುತ್ತಿತ್ತು. ಪಕ್ಕದ ತೋಟದ ನಾರಾಯಣಸ್ವಾಮಿ ಒಂದು ದಿನ ಮಜ್ಜಿಗೆ ಕುಡಿಯಲು ಬಂದವನು ಅದನ್ನು ಸ್ವಲ್ಪ ಹೊತ್ತು ನೋಡಿ, "ಏನಣ್ಣ, ಈ ಸಲ ಹುಳು ಬದ್ಲು ಕಾಗದ ಏರಿಸಿದೀಯ? ಗೂಡು ಯಾವ ಬಣ್ಣ ಬರ್ತದೆ?" ಎಂದ. "ಬರ್ಲಿ ನೋಡಾಣ, ನಿನ್ನ ಗೂಡಿಗಿಂತ ಗಟ್ಟಿ ಬರ್ತದೆ" ಎಂದೆ.

ನನ್ನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಒಂಬತ್ತನೇ ತರಗತಿಯ ಅರ್ಧದವರೆಗೆ. ಅದರ ಮೇಲಿನದ್ದೆಲ್ಲ ಕೈಯಿಂದ ಕಲಿತದ್ದು. ದೇವರಾಯಸಮುದ್ರದ ಕೆರೆಯ ಈಚೆ ನಮ್ಮ ಹಿಪ್ಪುನೇರಳೆ ತೋಟ ಇದೆ. ಅದರ ಒಂದೊಂದು ಗಿಡವನ್ನೂ ನಾನೇ ನೆಟ್ಟದ್ದು. ಹುಳುಮನೆಯ ಗೋಡೆಯ ಅರ್ಧ ನಾನೇ ಕಟ್ಟಿದ್ದು, ಚಾವಣಿಯ ಲೆಕ್ಕ ಪೂರ್ತಿ ನನ್ನದೇ. ಇದನ್ನು ಜಂಬದಿಂದ ಹೇಳುತ್ತಿದ್ದೇನೆಂದು ನಿಮಗನ್ನಿಸಿದರೆ ನೀವು ಸರಿಯಾಗಿಯೇ ಓದುತ್ತಿದ್ದೀರಿ. ದುಡಿದವನಿಗೆ ಅಷ್ಟು ಜಂಬ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಏಳುವುದು ಕಷ್ಟ.

ಆದರೆ ಈ ಜಂಬಕ್ಕೆ ಒಂದು ಬಾಲ ಉಂಟು. ನಾನು ಯಾರನ್ನೂ ಏನನ್ನೂ ಕೇಳುವವನಲ್ಲ. ಬೆಂಗಳೂರಿಗೆ ಹೋದರೆ ವಿಳಾಸ ಕೇಳದೆ ಅರ್ಧ ಬೀದಿ ಹಿಂದಕ್ಕೂ ಮುಂದಕ್ಕೂ ನಡೆದು ನಾನೇ ಹುಡುಕುವವನು. ತೋಟಕ್ಕೆ ಹನಿ ನೀರಾವರಿ ಹಾಕಿಸಿದಾಗ ಅಂಗಡಿಯ ಹುಡುಗ ಬರುವವರೆಗೆ ಕಾಯದೆ ಫಿಲ್ಟರನ್ನು ನಾನೇ ಕೂರಿಸಿದೆ, ತಿರುವುಮುರುವಾಗಿ ಕೂರಿಸಿದೆ, ಆ ಬೇಸಿಗೆಯೆಲ್ಲ ಕೆಳಸಾಲಿನ ಗಿಡಗಳು ಬಾಡಿದವು. ಕೊನೆಗೆ ತಪ್ಪು ಕಂಡುಹಿಡಿದದ್ದೂ ನಾನೇ. ಕಂಡುಹಿಡಿದ ಸುದ್ದಿಯನ್ನು ಊರಿಗೆಲ್ಲ ಹೇಳಿದೆ, ತಪ್ಪು ಮಾಡಿದ್ದು ಯಾರೆಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಂಥವನ ಮನೆಯಲ್ಲಿ ಒಬ್ಬಳು ಬಯಾಲಜಿ ಓದುತ್ತಿದ್ದಳು. ಆ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿತ್ತು, ದಪ್ಪವಾಗಿತ್ತು, ಎತ್ತಿದರೆ ಹೊಸ ಇಟ್ಟಿಗೆಯ ತೂಕ. ಪವಿತ್ರಳಿಗೆ ಒಂದು ಆಸೆ ಇತ್ತು: ಈ ವಿಷಯದಲ್ಲಿ ಒಳ್ಳೆಯ ಅಂಕ ಬಂದರೆ ಕೋಲಾರದಲ್ಲಿ ಬಿಎಸ್ಸಿ ಸೇರಿ, ಮುಂದೆ ಲ್ಯಾಬಿನ ಕೆಲಸ ಕಲಿಯುವುದು. ಸೂಜಿ ಚುಚ್ಚುವವಳಾಗಬೇಕೆಂಬ ಆಸೆಯಲ್ಲ, ಚುಚ್ಚಿ ತೆಗೆದ ರಕ್ತದೊಳಗೆ ಏನಿದೆ ಎಂದು ನೋಡುವವಳಾಗಬೇಕೆಂಬ ಆಸೆ. ನನಗೆ ಅದು ಹಿಡಿಸಿತ್ತು. ಒಳಗೇನಿದೆ ಎಂದು ನೋಡುವ ಕೆಲಸಕ್ಕೆ ಒಂದು ಗೌರವ ಇದೆ ಎಂದು ನನ್ನ ಲೆಕ್ಕ.

ಮಾರ್ಚಿ ತಿಂಗಳು, ಪರೀಕ್ಷೆ ಹತ್ತಿರವಾಗುತ್ತಿತ್ತು. ಅದೇ ಹೊತ್ತಿಗೆ ನಮ್ಮ ಹುಳುಗಳು ನಾಲ್ಕನೇ ಜ್ವರಕ್ಕೆ ಕೂರುವುದಿತ್ತು. ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ಹುಟ್ಟಿ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಚರ್ಮ ಬಿಡುತ್ತದೆ, ಆ ಹೊತ್ತಿಗೆ ನಮ್ಮ ಕಡೆ ಜ್ವರ ಎಂದೇ ಹೆಸರು. ಅಷ್ಟು ಹೊತ್ತು ಗಬಗಬ ತಿನ್ನುತ್ತಿದ್ದ ಹುಳು ಇದ್ದಕ್ಕಿದ್ದಂತೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಕಡ್ಡಿಗೆ ಕಾಲು ಕಚ್ಚಿ, ಹರಕೆ ಹೊತ್ತವರ ಹಾಗೆ ಅಲುಗಾಡದೆ ಕೂತುಬಿಡುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಹಾಸಿಗೆ ಒಣಗಿರಲಿ ಎಂದು ಒಂದಿಷ್ಟು ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಂದೆ ಮಾಡಿಕೊಂಡು ಬಂದುಬಿಡಬೇಕು. ಒಳಗೆ ಅದರ ಕೆಲಸ ನಡೆಯುತ್ತಿರುತ್ತದೆ. ನಾವು ಕೈ ಹಾಕಿದರೆ ಕೆಟ್ಟಿತು. ನನ್ನ ಇಷ್ಟು ವರ್ಷದ ಕಸುಬಿನ ಸಾರವೇನೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳಿಯೇನು: ಯಾವಾಗ ಉಣಿಸಬೇಕೆಂದು ಎಲ್ಲರಿಗೂ ಗೊತ್ತು, ಯಾವಾಗ ಸುಮ್ಮನಿರಬೇಕೆಂದು ಗೊತ್ತಿದ್ದವನು ಬೆಳೆ ತೆಗೆಯುತ್ತಾನೆ.

ಆ ದಿನಗಳಲ್ಲೇ ಪವಿತ್ರಳೂ ಕೂತುಬಿಟ್ಟಳು. ಬಾಯಿಪಾಠದ ಸದ್ದು ನಿಂತಿತು. ಬಾಚಣಿಗೆ ಹಿಡಿದು ಚಂದ್ರಂಕಿಯ ಮುಂದೆ ನಿಲ್ಲುವುದು ನಿಂತಿತು. ಒಳಕೋಣೆಯಲ್ಲಿ ಕಿಟಕಿಯ ಪಕ್ಕ, ಮಂಡಿ ಮೇಲೆ ಪುಸ್ತಕ, ಪುಸ್ತಕದ ಮೇಲೆ ಗಲ್ಲ, ಕಣ್ಣು ಎದುರು ಗೋಡೆಯ ಮೇಲೆ. ಊಟಕ್ಕೆ ಕರೆದರೆ ಅರ್ಧ ಮುದ್ದೆ ಮುರಿದು ಎದ್ದು ಹೋಗುವಳು. ನೋಡಿದೆ. ನೋಡಿದ ಕೂಡಲೇ ನನಗೆ ತಿಳಿದುಹೋಯಿತು ಅಂದುಕೊಂಡೆ: ಇಷ್ಟು ತಿಂಗಳು ತಿಂದದ್ದನ್ನೆಲ್ಲ ಒಳಗೆ ಜೋಡಿಸಿಕೊಳ್ಳುತ್ತಿದ್ದಾಳೆ, ಜ್ವರಕ್ಕೆ ಕೂತಿದ್ದಾಳೆ.

ಮತ್ತೆ ತಡ ಮಾಡಲಿಲ್ಲ. ಮೂಲೆಗೆ ಸರಿದಿದ್ದ ಟಿವಿಯ ವಯರು ಕಿತ್ತೆ. ಒಳಕೋಣೆಯ ಕಿಟಕಿಗೆ ಹುಳುಮನೆಯದೇ ಒಂದು ಗೋಣಿಚೀಲವನ್ನು ಒದ್ದೆ ಮಾಡಿ ತೂಗುಹಾಕಿದೆ, ತಂಪಿರಲಿ ಎಂದು. ನನ್ನ ಹೆಂಡತಿ ಸರೋಜಮ್ಮನಿಗೆ ಪಾತ್ರೆಯನ್ನು ಹಿತ್ತಲಲ್ಲಿ ತೊಳೆಯಲು, ಮಗಳನ್ನು ಮಾತಾಡಿಸದಿರಲು ಹೇಳಿದೆ. ಸರೋಜಮ್ಮ ಗಡಿಯ ಆಚೆಯ ಊರಿನವಳು, ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಾಳೆ. "ಬಿಡ್ಡತೋ ಮಾಟ್ಲಾಡಕೂಡದಾ? ಮಗಳ ಹತ್ರ ಮಾತಾಡೋಕೂ ನಿಮ್ಮ ಪರ್ಮಿಷನ್ ಬೇಕಾ?" ಎಂದಳು. "ಪರೀಕ್ಷೆ ಮುಗೀಲಿ, ಆಮೇಲೆ ಹಗಲೆಲ್ಲ ಮಾತಾಡು. ಈಗ ಮುಟ್ಟಬೇಡ" ಎಂದೆ. ನಾರಾಯಣಸ್ವಾಮಿ ಮಜ್ಜಿಗೆಗೆ ಬಂದರೆ ಬೇಲಿಯ ಬಳಿಯೇ ಲೋಟ ಕೊಟ್ಟು ಕಳಿಸಿದೆ. ಸುತ್ತ ಮುತ್ತ ಯಾವ ಮನೆಯಲ್ಲೂ ಒಂದು ಮಗುವಿನ ಓದಿಗೆ ಇಂಥ ನಿಶ್ಶಬ್ದ ಸಿಕ್ಕಿರಲಾರದು ಎಂದು ಒಳಗೊಳಗೇ ಬೀಗಿದೆ. ಓದಿನ ವಿಷಯದಲ್ಲಿ ನನ್ನಿಂದ ಆಗುವ ಸಹಾಯ ಏನಿದ್ದೀತು ಎಂದು ಕೊರಗುತ್ತಿದ್ದವನಿಗೆ ಕೊನೆಗೂ ನನ್ನ ಕಸುಬಿನಿಂದಲೇ ಒಂದು ಸಹಾಯ ಸಿಕ್ಕಿತ್ತಲ್ಲ, ಆ ಸಂತೋಷ.

ಹುಳುಗಳು ಜ್ವರ ಎದ್ದವು. ಹೊಸ ಚರ್ಮ, ಹೊಸ ಹಸಿವು. ಸೊಪ್ಪಿನ ಕಡ್ಡಿ ಹಾಕುವುದೇ ತಡ, ಒಣಗಿದ ತರಗಿನ ಮೇಲೆ ಯಾರೋ ನಿಧಾನವಾಗಿ ನಡೆದ ಹಾಗೆ ಮನೆ ತುಂಬ ಸದ್ದು. ಪವಿತ್ರ ಏಳಲಿಲ್ಲ. ಸರೋಜಮ್ಮ ಅದನ್ನು ನನಗಿಂತ ಮೊದಲು ಗಮನಿಸಿದಳು. ಕಡ್ಡಿ ಹರಡುತ್ತ, ಯಾರಿಗೂ ಅಲ್ಲವೆಂಬಂತೆ, "ಹುಳ ಎದ್ದು ಸೊಪ್ಪು ಕೇಳ್ತಾವೆ. ಇನ್ನೊಂದು ಎದ್ದೇ ಇಲ್ಲ" ಎಂದಳು. "ಮನುಷ್ಯರಿಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕು" ಎಂದೆ. ಆದರೂ ಒಳಗೆ ಹೋಗಿ ಬಾಗಿಲ ಬಳಿ ನಿಂತು ಕೇಳಿದೆ. "ಎಲ್ಲ ಆಯ್ತೇನಮ್ಮ?" ಎಂದೆ. "ಹೂಂ" ಎಂದಳು. ನಾನು ತೃಪ್ತನಾಗಿ ಬಂದೆ. ಈಗ ಯೋಚಿಸಿದರೆ ಅದು ಪ್ರಶ್ನೆಯೇ ಅಲ್ಲ. ಬೇಕಾದ ಉತ್ತರವನ್ನು ನಾನೇ ಕೈಗೆ ಕೊಟ್ಟು, ಅದನ್ನೇ ವಾಪಸು ಇಸಿದುಕೊಂಡು ಬಂದಿದ್ದೆ.

ಮಾರನೆಯ ದಿನ ಸಂಜೆ ಹುಳುಮನೆಯ ಬಾಗಿಲಲ್ಲಿ ನೀರಿನ ಸದ್ದಾಯಿತು. ಯಾರೇ ಒಳಗೆ ಬರಲಿ, ಬಾಗಿಲಲ್ಲಿರುವ ಬೋಗುಣಿಯ ಔಷಧಿ ನೀರಿನಲ್ಲಿ ಕೈ ತೊಳೆದು, ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ರೋಗ ಒಳಗೆ ಬರದಿರಲಿ ಎಂದು. ಪವಿತ್ರ ಕೈ ತೊಳೆದುಕೊಂಡು ಬಂದು, ನನ್ನ ಪಕ್ಕದ ಸಾಲಿಗೆ ಕಡ್ಡಿ ಹಾಕತೊಡಗಿದಳು. ಬಹಳ ಹೊತ್ತು ಹಾಕಿದಳು. ಆಮೇಲೆ ಹುಳುಗಳಿಗೆ ಹೇಳುವ ಹಾಗೆ ತಲೆ ತಗ್ಗಿಸಿಕೊಂಡೇ ಹೇಳಿದಳು:

"ಅಪ್ಪ, ಬಯಾಲಜಿ ಈಗ ಬರಿಯಲ್ಲ. ಎರಡನೇ ಸಲ ಪರೀಕ್ಷೆ ಇಡ್ತಾರಲ್ಲ, ಆಗ ಬರೀತೀನಿ."

ನನ್ನ ಕೈಯಲ್ಲಿದ್ದ ಕಡ್ಡಿ ಅಲ್ಲೇ ನಿಂತಿತು. "ಯಾಕೆ?"

"ಬರಲ್ಲ."

"ಬರಲ್ಲ ಅಂದ್ರೆ? ವರ್ಷವೆಲ್ಲ ಓದಿದೀಯ. ನಿನಗೋಸ್ಕರ ಇಡೀ ಮನೆ ಬಾಯಿ ಮುಚ್ಕೊಂಡು ಕೂತಿದೆ ಕಣೇ."

"ಅದೇನಪ್ಪ, ಎಲ್ಲಾರೂ ಬಾಯಿ ಮುಚ್ಕೊಂಡಿದೀರಲ್ಲ" ಎಂದಳು. "ಅಮ್ಮ ತಟ್ಟೆ ಇಟ್ಟು ಓಡೋಗ್ತಾಳೆ. ನೀನು ಬಾಗ್ಲಲ್ಲೇ ನಿಂತ್ಕೊಂಡು ವಾಪಸ್ ಹೋಗ್ತೀಯ. ನಾನೇನ್ ಮಾಡ್ದೆ ಅಂತ ನಂಗೇ ಗೊತ್ತಾಗ್ತಿಲ್ಲ."

"ಜ್ವರಕ್ಕೆ ಕೂತಿದೀಯ ಅಂತ ಬಿಟ್ಟೆ."

ಅವಳು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದಳು. "ನಾನೇನ್ ಹುಳುನಾ?"

ಹಿಡಿದಿದ್ದ ಕಡ್ಡಿಯನ್ನು ಸಾಲಿನ ಮೇಲೆ ಇಟ್ಟೆ. ಅವಳೇ ಹೇಳಿದಳು. ದೀಪಾವಳಿಗೆ ಮುಂಚೆ ಹುಳು ಹಣ್ಣಾದಾಗ ಗೂಡು ಕಟ್ಟುವ ಬಲೆಗೆ ಏರಿಸುವುದಕ್ಕೆ ಜನ ಸಾಲದೆ ಅವಳು ಕಾಲೇಜಿಗೆ ಹೋಗದೆ ಉಳಿದಿದ್ದಳು. ಆ ದಿನಗಳಲ್ಲೇ ಅಲ್ಲಿ ಆನುವಂಶಿಕತೆಯ ಪಾಠ ಶುರುವಾಗಿತ್ತು. ತಂದೆ ತಾಯಿಯ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಎಂಬ ಪಾಠ. ಇವಳು ವಾಪಸು ಹೋಗುವಷ್ಟರಲ್ಲಿ ಎಲ್ಲರೂ ಮುಂದೆ ಹೋಗಿದ್ದರು. ಮೊದಲ ಮೆಟ್ಟಿಲು ತಪ್ಪಿದವಳಿಗೆ ಮೇಲಿನದ್ದು ಒಂದೂ ಹತ್ತಲಿಲ್ಲ. ಆ ಪಾಠದಿಂದ ಮುಂದಿನ ಪಾಠ, ಮುಂದಿನದರಿಂದ ಇನ್ನೊಂದು, ಹೀಗೆ ಅರ್ಧ ಪುಸ್ತಕ ಅದರ ಮೇಲೆ ನಿಂತಿದೆಯಂತೆ. ಬಾಯಿಪಾಠ ಮಾಡಿ ನೋಡಿದ್ದಾಳೆ. ಚಿತ್ರ ಬರೆಯಲು ಬರುತ್ತದೆ, ಲೆಕ್ಕ ಬಂದರೆ ನಿಂತುಹೋಗುತ್ತದೆ.

"ಯಾರನ್ನಾದ್ರೂ ಕೇಳ್ಬಾರ್ದಿತ್ತಾ? ಮೇಷ್ಟ್ರನ್ನ, ಗೆಳತೀರನ್ನ?"

"ನೀನು ಯಾರನ್ನಾದ್ರೂ ಕೇಳ್ತೀಯಾ ಅಪ್ಪ?"

ಅವಳು ಚುಚ್ಚಲೆಂದು ಹೇಳಿದ್ದಲ್ಲ. ನಮ್ಮ ಮನೆಯಲ್ಲಿ ಗೋಡೆ ಯಾವ ಬಣ್ಣ ಎಂದು ಹೇಳುವ ಹಾಗೆ ಹೇಳಿದಳು.

ಗೆಳೆಯರೇ, ಒಂಬತ್ತನೇ ತರಗತಿಯ ಅರ್ಧ ಎಂದು ಮೇಲೆ ಹೇಳಿದೆನಲ್ಲ, ಆ ಅರ್ಧದ ಕತೆ ದೊಡ್ಡದೇನಲ್ಲ. ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಶಾಲೆ ಬಿಡಿಸಲಿಲ್ಲ. ರೇಖಾಗಣಿತದಲ್ಲಿ ಒಂದು ದಿನ ಒಂದು ತ್ರಿಕೋನ ನನಗೆ ಅರ್ಥವಾಗಲಿಲ್ಲ. ಎದ್ದು ಕೇಳಿದರೆ ನಗುತ್ತಾರೆಂದು ಕೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತೆ. ಗಲಾಟೆ ಮಾಡದ ಹುಡುಗನೆಂದು ಮೇಷ್ಟರಿಗೆ ನನ್ನ ಮೇಲೆ ಪ್ರೀತಿ. ಸುಮ್ಮನಿದ್ದಾನೆ ಎಂದರೆ ತಿಳಿದಿದೆ ಎಂದು ಅವರು ಎಣಿಸಿಕೊಂಡರು. ತ್ರಿಕೋನದ ಮೇಲೆ ಇನ್ನೊಂದು ತ್ರಿಕೋನ ಬಂತು, ಅದರ ಮೇಲೆ ವೃತ್ತ. ಒಂದು ಬೆಳಿಗ್ಗೆ ತೋಟದಲ್ಲಿ ಕೆಲಸವಿದೆ ಎಂದು ನಿಂತೆ, ಮಾರನೆಯ ದಿನವೂ ಕೆಲಸವಿತ್ತು. ತೋಟದಲ್ಲಿ ಕೆಲಸ ಯಾವಾಗಲೂ ಇರುತ್ತದೆ. ಆಮೇಲೆ ಹೋಗೋಣ ಎಂದುಕೊಂಡವನು ಹೋಗಲೇ ಇಲ್ಲ. ಅದಕ್ಕೆ ನನಗೆ ದೊಡ್ಡ ದುಃಖವೇನಿಲ್ಲ, ತೋಟ ನನ್ನನ್ನು ಚೆನ್ನಾಗಿಯೇ ಸಾಕಿದೆ. ಆದರೆ 'ಎರಡನೇ ಸಲ ಬರೀತೀನಿ' ಎಂಬ ಮಾತು ಮಗಳ ಬಾಯಲ್ಲಿ ಕೇಳಿದಾಗ, ಆ ದನಿ ಎಲ್ಲಿಯದೆಂದು ಗುರುತು ಹಿಡಿಯುವುದಕ್ಕೆ ನನಗೆ ಬಯಾಲಜಿ ಬೇಕಾಗಲಿಲ್ಲ.

ಎರಡನೇ ಪರೀಕ್ಷೆ ಬರೆದು ಗೆದ್ದವರು ಬೇಕಾದಷ್ಟು ಜನ ಇದ್ದಾರೆ, ಅದು ಅವಮಾನವೂ ಅಲ್ಲ. ಇವಳು ಬರೆಯದೆ ಉಳಿದರೆ ಉಳಿದೇ ಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು, ಅಷ್ಟೆ.

"ಆ ಪಾಠ ಏನು, ನಂಗೆ ಹೇಳು" ಎಂದೆ.

"ನಿಂಗೆ ಅರ್ಥ ಆಗಲ್ಲಪ್ಪ."

"ಆಗ್ದಿದ್ರೆ ಆಗಲ್ಲ ಅಂತೀನಿ. ನಿಂಗೆಷ್ಟು ಗೊತ್ತೋ ಅಷ್ಟು ಹೇಳು."

ಅವಳಿಗೆ ನಂಬಿಕೆ ಬರಲಿಲ್ಲ. ಆದರೂ ಹುಳುಮನೆಯ ಮುಂದಿನ ಜಗಲಿಗೆ ಬಂದು, ಸುಣ್ಣದ ಪುಡಿಯ ಡಬ್ಬ ತೆಗೆದುಕೊಂಡು, ರಂಗೋಲಿ ಎಳೆದ ಹಾಗೆ ನೆಲದ ಮೇಲೆ ಒಂದು ಚೌಕ ಎಳೆದಳು. ಅದನ್ನು ನಾಲ್ಕು ಮನೆ ಮಾಡಿದಳು. ಯಾವುದೋ ದೇಶದ ಒಬ್ಬ ಪಾದ್ರಿ ಬಟಾಣಿ ಬೆಳೆದು, ಎತ್ತರದ ಗಿಡಕ್ಕೂ ಕುಳ್ಳ ಗಿಡಕ್ಕೂ ಸಂಬಂಧ ಮಾಡಿಸಿ, ಹುಟ್ಟಿದ ಮಕ್ಕಳನ್ನೆಲ್ಲ ಎಣಿಸಿದನಂತೆ. ಸೊಪ್ಪಿನ ಬುಟ್ಟಿ ಹಿಡಿದು ಬಂದ ಸರೋಜಮ್ಮ ಅಲ್ಲೇ ನಿಂತಳು. ಮಾತಿಗೆ ನಿಷೇಧ ತೆಗೆದದ್ದು ಅವಳಿಗೆ ಯಾರೂ ಹೇಳದೆಯೇ ತಿಳಿದಿತ್ತು.

"ಅಷ್ಟೊಂದು ಬಟಾಣಿ ಬೆಳ್ದು ಬರೀ ಎಣಿಸ್ದ್ನಾ? ತಿನ್ಲಿಲ್ವಾ?"

"ಅಮ್ಮ, ಅದು ಪುಸ್ತಕದಲ್ಲಿಲ್ಲ."

"ಮುಖ್ಯವಾದ್ದೇ ಇಲ್ಲ ನೋಡು" ಎಂದು ಕೂತುಕೊಂಡಳು.

ನನಗೆ ಅರ್ಥವಾಗಲಿಲ್ಲ. ಮೊದಲ ಸಲ ಹೇಳಿದಾಗ ಆಗಲಿಲ್ಲ, ಇನ್ನೊಮ್ಮೆ ಹೇಳಿದಾಗಲೂ ಆಗಲಿಲ್ಲ. ಎತ್ತರದ್ದು ಕುಳ್ಳದ್ದು ಸೇರಿದರೆ ಮಧ್ಯದ್ದು ಹುಟ್ಟಬೇಕು, ಎಲ್ಲವೂ ಎತ್ತರವೇ ಹೇಗೆ ಹುಟ್ಟಿದವು, ಮುಂದಿನ ತಲೆಮಾರಿಗೆ ಕುಳ್ಳದ್ದು ಎಲ್ಲಿಂದ ವಾಪಸು ಬಂತು? "ನಂಗೆ ಗೊತ್ತಾಗ್ಲಿಲ್ಲ" ಎಂದೆ. ಈ ಮಾತನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೋ. ಹೇಳಿದ ಮೇಲೆ ಏನೂ ಆಗಲಿಲ್ಲ. ಚಾವಣಿ ಬೀಳಲಿಲ್ಲ. ಮಗಳು ನಗಲಿಲ್ಲ. "ಎಲ್ಲಿ ಗೊತ್ತಾಗ್ಲಿಲ್ಲ?" ಎಂದಳು, ಅಷ್ಟೆ. ನಾನು ಬೆರಳಿಟ್ಟು ತೋರಿಸಿದೆ. ಅವಳು ಅದನ್ನೇ ನೋಡುತ್ತ ಕೂತಳು. "ನಂಗೂ ಅಲ್ಲೇ ಅಪ್ಪ" ಎಂದಳು.

ಅಪ್ಪ ಮಗಳು ಇಬ್ಬರೂ ಒಂದೇ ಹಳ್ಳದಲ್ಲಿ ಸಿಕ್ಕಿಬಿದ್ದಿದ್ದೆವು. ಅದರಲ್ಲೊಂದು ಸಮಾಧಾನವಿತ್ತು.

ಅಲ್ಲಿಂದ ಮುಂದಕ್ಕೆ ನಮ್ಮನ್ನು ಎಳೆದದ್ದು ಹುಳು. ನಾವು ಸಾಕುವುದು ಮಿಶ್ರತಳಿ, ತಾಯಿ ಹಳದಿ ಗೂಡಿನ ಜಾತಿ, ತಂದೆ ಬಿಳಿ ಗೂಡಿನ ಜಾತಿ. ನಮಗೆ ಬರುವ ಗೂಡು ಹಳದಿಯೇ. ಬೆಳೆದ ಗೂಡಿನ ಚಿಟ್ಟೆಗಳಿಂದ ನಾವೇ ಮೊಟ್ಟೆ ಮಾಡಿಕೊಳ್ಳಬಾರದು, ಪ್ರತಿ ಸಲವೂ ಹೊಸ ಮೊಟ್ಟೆಯನ್ನೇ ತರಬೇಕು ಎಂಬುದು ನನ್ನ ತಂದೆಯ ಕಾಲದಿಂದ ಬಂದ ನಿಯಮ. ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. "ಅದು ಯಾಕಮ್ಮ?" ಎಂದು ಅವತ್ತು ಕೇಳಿದೆ. ಸುಮ್ಮನೆ ತಿಳಿಯೋಣವೆಂದು ಕೇಳಿದ್ದು.

ಪವಿತ್ರ ಸುಣ್ಣದ ಮನೆಗಳನ್ನು ಕೈಯಿಂದ ಅಳಿಸಿ ಮತ್ತೆ ಎಳೆದಳು. ಬಟಾಣಿಯ ಬದಲು ಗೂಡು ಇಟ್ಟಳು. ಹಳದಿ ಗೂಡಿನ ಹುಳುವಿನೊಳಗೆ ಎರಡು ಮಾತು ಇರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಹಳದಿಯ ದನಿ ದೊಡ್ಡದು, ಅದೇ ಕೇಳಿಸುತ್ತದೆ. ಬಿಳಿ ಸತ್ತಿರುವುದಿಲ್ಲ, ಒಳಗೇ ಸುಮ್ಮನೆ ಕೂತಿರುತ್ತದೆ. ಅಂಥವೆರಡು ಕೂಡಿದರೆ ಎರಡು ಬಿಳಿಗಳು ಒಂದು ಮನೆಯಲ್ಲಿ ಸೇರುವುದೂ ಉಂಟು. ಹೇಳುತ್ತ ಹೇಳುತ್ತ ಒಂದೊಂದು ಮನೆಗೆ ಎರಡೆರಡು ಎಲೆ ಇಟ್ಟಳು, ಬಲಿತದ್ದು ಹಳದಿಗೆ, ಚಿಗುರು ಬಿಳಿಗೆ. ಮೂರು ಮನೆಗಳಲ್ಲಿ ಬಲಿತ ಎಲೆ ಕಂಡಿತು. ನಾಲ್ಕನೆಯದರಲ್ಲಿ ಎರಡೂ ಚಿಗುರು.

ಅವಳ ಕೈ ಅಲ್ಲಿಗೆ ನಿಂತಿತು. ಆಮೇಲೆ ಬಹಳ ಮೆಲ್ಲಗೆ, ನನಗಲ್ಲ, ತನಗೇ ಹೇಳಿಕೊಂಡಳು: "ಓ. ಇಷ್ಟೇನಾ."

"ಬಣ್ಣ ಒಂದೇ ಅಲ್ಲಪ್ಪ, ಗಟ್ಟಿತನ, ನೂಲಿನ ಉದ್ದ, ಎಲ್ಲ ಹಿಂಗೇ ಚೆಲ್ಲಾಪಿಲ್ಲಿ ಆಗ್ತದೆ. ಒಂದೇ ಬೆಳೇಲಿ ಒಂದೊಂದು ಗೂಡು ಒಂದೊಂದು ಥರ. ಅದಕ್ಕೇ ತಾತ ಬೇಡ ಅಂದಿರೋದು. ನಿಜವಾದ್ದು ಇದಕ್ಕಿಂತ ತೊಡಕಾಗಿರ್ತದೆ, ಪುಸ್ತಕಕ್ಕೆ ಇಷ್ಟು ಸಾಕು" ಎಂದಳು. ನನಗೆ ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ಮತ್ತೊಂದು ಪ್ರಶ್ನೆ ಕೇಳಿದೆ, ಅವಳು ಮತ್ತೊಂದು ಚೌಕ ಎಳೆದಳು. ಜಗಲಿ ತುಂಬಿ ಅಂಗಳಕ್ಕೆ ಇಳಿದಳು. ಹೊತ್ತು ಮುಳುಗುವ ವೇಳೆಗೆ ನಮ್ಮ ಅಂಗಳ ಹಬ್ಬದ ದಿನದ ಹಾಗೆ ಬಿಳಿ ಗೆರೆಗಳಿಂದ ತುಂಬಿತ್ತು, ಒಳಗೆ ಹುಳುಗಳಿಗೆ ಸೊಪ್ಪು ತಡವಾಗಿತ್ತು.

ಉಳಿದ ದಿನಗಳಲ್ಲಿ ಪುಸ್ತಕ ಹುಳುಮನೆಗೇ ಬಂತು. ನಾನೂ ಹೆಂಡತಿಯೂ ಕಡ್ಡಿ ಹಾಕುವುದು, ಅವಳು ಹೇಳುವುದು, ನಾವು ಅರ್ಥವಾಗಲಿಲ್ಲ ಎನ್ನುವುದು. ಸರೋಜಮ್ಮ ಈ ಕೆಲಸದಲ್ಲಿ ನನಗಿಂತ ಗಟ್ಟಿಗಿತ್ತಿ. ಯಾವ ಪದವನ್ನೂ ಪುಕ್ಕಟೆ ಒಪ್ಪುತ್ತಿರಲಿಲ್ಲ. "ಅಂಟೇ ಏಮಿ? ಹಂಗಂದ್ರೇನು?" ಎಂದು ಕನ್ನಡ ತೆಲುಗು ಎರಡರಲ್ಲೂ ತಡೆದು ನಿಲ್ಲಿಸುವಳು. ಪವಿತ್ರ ಸಿಡುಕುತ್ತ ಮತ್ತೆ ಮೊದಲಿನಿಂದ ಹೇಳುವಳು. ಒಂದು ದಿನ ನಾನು ಒಂದು ಅನುಮಾನ ಹೊರತೆಗೆದೆ. "ಕೇಳೋಕೆ ನಾಚಿಕೆ ಪಡೋದೂ ಹಿಂಗೇ ಬರ್ತದಾ? ನನ್ನಿಂದ ನಿಂಗೆ?" ಎಂದೆ. "ಅದು ರಕ್ತದಲ್ಲಿ ಬರಲ್ಲಪ್ಪ, ಮನೇಲಿ ನೋಡಿ ಕಲಿಯೋದು" ಎಂದಳು. ವಿಜ್ಞಾನದ ಮಾತು. ರಕ್ತದ ಮೇಲೆ ಹಾಕಿ ತಪ್ಪಿಸಿಕೊಳ್ಳುವ ದಾರಿಯನ್ನೂ ಮುಚ್ಚಿಬಿಟ್ಟಳು.

ಪರೀಕ್ಷೆಯ ಹಿಂದಿನ ದಿನ ಹುಳುಗಳು ಹಣ್ಣಾಗತೊಡಗಿದವು. ಮೈ ಬೆಳ್ಳಗೆ ಗಾಜಿನ ಹಾಗಾಗಿ, ತಲೆ ಆಡಿಸುತ್ತ ಜಾಗ ಹುಡುಕತೊಡಗಿದರೆ ಮಾರನೆಯ ಬೆಳಿಗ್ಗೆ ಏರಿಸಲೇಬೇಕು. ಬಿಟ್ಟರೆ ನೂಲೆಲ್ಲ ಕಸದ ಪಾಲು. ದೀಪಾವಳಿಗೆ ಮುಂಚೆ ಮಗಳನ್ನು ಮನೆಯಲ್ಲಿ ಉಳಿಸಿದ್ದು ಇದೇ ಕೆಲಸ. ಅವಳಿಗೂ ಅದು ನೆನಪಾಗಿರಬೇಕು, ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬೇಲಿ ದಾಟಿ ನಾರಾಯಣಸ್ವಾಮಿಯ ತೋಟಕ್ಕೆ ಹೋದೆ.

"ನಾಳೆ ಹುಳು ಏರಿಸ್ಬೇಕು. ನಂಗೆ ಮಗಳ ಜೊತೆ ಮುಳಬಾಗಿಲಿಗೆ ಹೋಗೋದಿದೆ. ಒಂದು ಕೈ ಕೊಡ್ತೀಯಾ?" ಎಂದೆ.

ಅವನು ಗುದ್ದಲಿ ಊರಿ ನಿಂತು ನನ್ನನ್ನು ಕೆಳಗಿಂದ ಮೇಲೆ ನೋಡಿದ. "ಅಣ್ಣ, ನೀನು ಬೇಲಿ ದಾಟಿ ಬಂದಿದ್ದು ನೋಡಿ ಯಾರೋ ಹೋಗ್ಬಿಟ್ರು ಅಂದ್ಕೊಂಡೆ. ಹುಳು ಏರ್ಸೋಕಾ?" ಎಂದ. "ಬರ್ತೀನಿ ಬಿಡು. ಮಜ್ಜಿಗೆ ಮಾತ್ರ ಒಳಗೆ ಕೂರ್ಸಿ ಕೊಡ್ಬೇಕು, ಬೇಲೀಲಿ ಅಲ್ಲ." ಮಾರನೆಯ ಬೆಳಿಗ್ಗೆ ಅವನು ತನ್ನ ಹೆಂಡತಿಯನ್ನೂ ಕರೆದುಕೊಂಡೇ ಬಂದ.

ಪರೀಕ್ಷೆ ನಡೆಯುವ ಕಾಲೇಜಿನ ಹೊರಗೆ ಹೊಂಗೆ ಮರದ ಕೆಳಗೆ ನನ್ನಂಥವರು ಬಹಳ ಜನ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನಾನು ಪಕ್ಕದವರನ್ನು ಮಾತಿಗೆಳೆದೆ. ಅವರು ನಂಗಲಿಯ ಕಡೆಯವರು, ಟೊಮೆಟೊ ಬೆಳೆಯುವವರು, ಮಗನನ್ನು ಕರೆತಂದಿದ್ದರು. "ನಿಮ್ಮ ಹುಡುಗ ಮನೇಲಿ ಪಾಠ ಹೇಳ್ತಾನಾ ನಿಮಗೆ?" ಎಂದು ಕೇಳಿದೆ. ವಿಚಿತ್ರ ಪ್ರಶ್ನೆಯೆಂದು ಅವರು ನನ್ನ ಮುಖ ನೋಡಿದರು.

ಪವಿತ್ರ ಹೊರಗೆ ಬಂದಾಗ ಮುಖದಲ್ಲಿ ವಿಶೇಷವೇನೂ ಇರಲಿಲ್ಲ. ಬಸ್ಸು ಹತ್ತಿದ ಮೇಲೆ ಹೇಳಿದಳು. "ನಾಲ್ಕು ಮನೆ ಬಂತಪ್ಪ. ಬಟಾಣಿ ಅಲ್ಲ, ರಕ್ತದ ಗುಂಪಿಂದು ಕೇಳಿದ್ರು. ಬರ್ದೆ. ಒಂದು ಚಿತ್ರ ಬಿಟ್ಟೋಯ್ತು." ಬಿಟ್ಟುಹೋದದ್ದು ವರ್ಷವೆಲ್ಲ ಚಂದ್ರಂಕಿಯಲ್ಲಿ ನೇತಾಡುತ್ತಿದ್ದ ಚಿತ್ರ. ಅದಕ್ಕೆ ಇಬ್ಬರಿಗೂ ನಗು ಬಂತು. ಫಲಿತಾಂಶ ಬಂದಾಗ ಅಂಕಗಳು ಬಸ್‌ಸ್ಟಾಪಿನಲ್ಲಿ ಬ್ಯಾನರು ಕಟ್ಟುವಷ್ಟೇನೂ ಇರಲಿಲ್ಲ. ಕೋಲಾರದಲ್ಲಿ ಬಿಎಸ್ಸಿ ಸೀಟು ಸಿಗುವಷ್ಟಿದ್ದವು. ಸಿಕ್ಕಿತು.

ಈಚೆಗೆ ನಾನು ಸುಮ್ಮನಿರುವವರನ್ನು ಕಂಡರೆ ಸ್ವಲ್ಪ ಹೊತ್ತು ನಿಂತು ನೋಡುತ್ತೇನೆ. ಸುಮ್ಮನಿರುವುದರಲ್ಲಿ ಎಷ್ಟು ಬಗೆ ಇದೆ. ಹಣ್ಣಾಗುತ್ತಿರುವ ಸುಮ್ಮನೆ ಒಂದು, ಹೆದರಿದ ಸುಮ್ಮನೆ ಒಂದು, ಕೋಪದ್ದೊಂದು, ಬರೀ ದಣಿವಿನದೊಂದು. ಹೊರಗಿನಿಂದ ಎಲ್ಲದರ ಬಣ್ಣವೂ ಒಂದೇ, ನಮ್ಮ ಮಿಶ್ರತಳಿಯ ಗೂಡಿನ ಹಾಗೆ. ಹುಳುವಿನ ವಿಷಯದಲ್ಲಿ ನನ್ನ ನಿಯಮ ಈಗಲೂ ಅದೇ, ಜ್ವರದಲ್ಲಿ ಮುಟ್ಟುವುದಿಲ್ಲ, ಯಾಕೆಂದರೆ ಹುಳುವನ್ನು ಕೇಳಲು ಬರುವುದಿಲ್ಲ. ಮನುಷ್ಯರ ವಿಷಯದಲ್ಲಿ ಆ ಸೌಕರ್ಯ ಇದೆಯಲ್ಲ, ಅದನ್ನು ಇಷ್ಟು ವರ್ಷ ಯಾಕೆ ಬಳಸಲಿಲ್ಲವೋ.

ಚಂದ್ರಂಕಿ ಇನ್ನೂ ನಡುಮನೆಯಲ್ಲೇ ಇದೆ. ಹಳೆಯ ಹಾಳೆಗಳು ಹೋಗಿ ಈಗ ಬಿಎಸ್ಸಿಯ ಹಾಳೆಗಳು ಬಂದಿವೆ. ಅವುಗಳಲ್ಲಿ ನನಗೆ ಗುರುತು ಸಿಗುವುದು ಕಡಿಮೆ. ಒಂದು ಮೂಲೆಯಲ್ಲಿ ಮಾತ್ರ ನಾಲ್ಕು ಮನೆಯ ಚೌಕವೊಂದು ಉಳಿದಿದೆ, ಅದನ್ನು ತೆಗೆಯಲು ನಾನು ಬಿಟ್ಟಿಲ್ಲ. ನಾರಾಯಣಸ್ವಾಮಿ ಮಜ್ಜಿಗೆಗೆ ಬಂದಾಗಲೆಲ್ಲ ಅದನ್ನು ಅವನಿಗೆ ವಿವರಿಸುತ್ತೇನೆ, ಅವನು ಅರ್ಥವಾಗಲಿಲ್ಲ ಎನ್ನುತ್ತಾನೆ, ನಿಜವಾಗಿ ಅರ್ಥವಾಗಿಲ್ಲವೋ ಇನ್ನೊಂದು ಲೋಟ ಮಜ್ಜಿಗೆಯ ಆಸೆಯೋ ತಿಳಿಯದು.

ಮೊನ್ನೆ ಭಾನುವಾರ ಪವಿತ್ರ ಅದರ ಮುಂದೆ ಕೂತಿದ್ದಳು. ಪುಸ್ತಕ ಮಡಿಲಲ್ಲಿ, ಕಣ್ಣು ಬಿದಿರ ಸುತ್ತುಗಳ ಮೇಲೆ, ಮಾತಿಲ್ಲ, ಕತೆಯಿಲ್ಲ. ಸೊಪ್ಪಿನ ಹೊರೆ ಹೊತ್ತು ಬಾಗಿಲು ದಾಟುತ್ತಿದ್ದವನು ನಿಂತೆ. ಹೊರೆ ಇಳಿಸಿದೆ. ಅವಳ ಪಕ್ಕ ಹೋಗಿ ಕೂತು, "ಎಲ್ಲಿ ಸಿಕ್ಕಾಕೊಂಡೆಯಮ್ಮ?" ಎಂದು ಕೇಳಿದೆ.

ಅವಳು ತಿರುಗಿ ನೋಡಲಿಲ್ಲ. ನನ್ನ ಭುಜದ ಮೇಲಿದ್ದ ಒಂದು ಎಲೆಯನ್ನು ತೆಗೆದು ಪುಸ್ತಕದ ನಡುವೆ ಇಟ್ಟು ಮುಚ್ಚಿದಳು.

"ಎಲ್ಲೂ ಇಲ್ಲಪ್ಪ. ಇವತ್ತು ನಿಜವಾಗ್ಲೂ ಜ್ವರಕ್ಕೆ ಕೂತಿದೀನಿ. ಎಬ್ಬಿಸಬೇಡ."